ಸಾಹೇಬರು ಇವತ್ತು ಹೇಗಿದ್ದಾರೆ?

ಯಾವ ಕಚೇರಿಯಾದರೂ ಆಗಲಿ, ಕೆಲಸವಿದ್ದು ಹೋದವನು ಬಾಗಿಲಲ್ಲಿ ನಿಂತ ಜವಾನನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಸಾಹೇಬರು ಇವತ್ತು ಹೇಗಿದ್ದಾರೆ?" ಇದು ಆರೋಗ್ಯದ ವಿಚಾರಣೆಯಲ್ಲ. ಅರ್ಜಿಯನ್ನು ಇಂದೇ ಒಳಗೆ ಕಳಿಸುವುದೋ, ನಾಳೆಯವರೆಗೆ ಕಾಯುವುದೋ ಎಂಬ ಲೆಕ್ಕಾಚಾರ. ಜವಾನನೂ ಇದನ್ನು ಬಲ್ಲ. "ಈಗ ಬೇಡ, ಊಟ ಆದಮೇಲೆ ಬನ್ನಿ" ಎನ್ನುತ್ತಾನೆ. ಅರ್ಜಿ ಅದೇ, ಕಾನೂನು ಅದೇ, ಕುರ್ಚಿಯಲ್ಲಿ ಕುಳಿತವರೂ ಅವರೇ. ಆದರೂ ಬೆಳಗಿನ ಸಾಹೇಬರು ಬೇರೆ, ಮಧ್ಯಾಹ್ನದ ಸಾಹೇಬರು ಬೇರೆ. ಇದನ್ನು ನಾವು ಮಳೆ ಬಿಸಿಲಿನಂತೆ ಒಪ್ಪಿಕೊಂಡುಬಿಟ್ಟಿದ್ದೇವೆ. ಒಪ್ಪಬಹುದೆ ಎಂಬುದು ನನ್ನ ಪ್ರಶ್ನೆ.

ಪರರ ಮಾತೇಕೆ? ಕನ್ನಡ ಪಾಠ ಹೇಳಿಕೊಂಡು ಬಂದಿರುವ ನನ್ನ ಕಥೆಯನ್ನೇ ಹೇಳುತ್ತೇನೆ. ಒಮ್ಮೆ ಕಿರುಪರೀಕ್ಷೆಯ ನಲವತ್ತು ಉತ್ತರಪತ್ರಿಕೆಗಳನ್ನು ತಿದ್ದಬೇಕಾಗಿತ್ತು. ಮೂವತ್ತನ್ನು ಬೆಳಗ್ಗೆ ನೋಡಿದೆ, ಉಳಿದ ಹತ್ತನ್ನು ರಾತ್ರಿ. ನಡುವೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ಪತ್ರಿಕೆಗಳನ್ನು ಹಂಚಿ ಒಂದು ವಾರವಾದ ಮೇಲೆ, ಮಾಗಡಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಸಮಾಸದ ಸಂದೇಹ ಕೇಳಲು ತನ್ನ ಪತ್ರಿಕೆ ಹಿಡಿದು ಬಂದ. ಬೆಳಗಿನ ಹೊತ್ತು, ಮನಸ್ಸು ತಿಳಿಯಾಗಿತ್ತು. ಪುಟ ತಿರುವಿ ಮುಂದಿನ ಉತ್ತರವನ್ನೂ ಓದಿದೆ. ಹತ್ತಕ್ಕೆ ಮೂರು ಹಾಕಿದ್ದೆ. ಆರಕ್ಕೆ ಕಡಿಮೆಯಿಲ್ಲದ ಉತ್ತರ! ಸಾಲದ್ದಕ್ಕೆ ಅಂಚಿನಲ್ಲಿ ಕೆಂಪು ಶಾಯಿಯಿಂದ "ಯೋಚನೆಯೇ ಇಲ್ಲ" ಎಂದು ಬರೆದಿದ್ದೆ.

"ಇದನ್ನು ಯಾಕೆ ಕೇಳಲಿಲ್ಲಪ್ಪ?" ಎಂದೆ.

"ಆಗ ನಿಮಗೆ ಬೇಜಾರಿತ್ತು ಅಂತ ಎಲ್ಲರಿಗೂ ಗೊತ್ತಿತ್ತು ಸಾರ್" ಎಂದ.

ನನ್ನ ತರಗತಿಯೂ ಅಂಥದೇ ಒಂದು ಕಚೇರಿಯಾಗಿತ್ತು. ನನಗೆ ಗೊತ್ತಿರಲಿಲ್ಲ ಅಷ್ಟೆ.

ಮನುಷ್ಯನ ಸ್ವಭಾವ ಒಂದೇ ಸಮನಾಗಿರುವುದಿಲ್ಲವೆಂದು ಶಾಸ್ತ್ರಜ್ಞರೂ ಹೇಳುತ್ತಾರೆ. ಅಮೆರಿಕದ ಹಾರ್ಟ್ಸ್‌ಹಾರ್ನ್ ಮತ್ತು ಮೇ ಎಂಬಿಬ್ಬರು ಸಾವಿರಾರು ಶಾಲಾಮಕ್ಕಳನ್ನು ಪರೀಕ್ಷಿಸಿ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸಂದರ್ಭದಲ್ಲಿ ಪ್ರಾಮಾಣಿಕನಾಗಿದ್ದ ಮಗು ಇನ್ನೊಂದರಲ್ಲಿ ಹಾಗಿರುತ್ತದೆಂಬ ಭರವಸೆಯಿಲ್ಲವೆಂದು ಕಂಡುಬಂತು. ವಿಲಿಯಂ ಫ್ಲೀಸನ್ 2001ರಲ್ಲಿ ಇನ್ನೊಂದು ಮಾತು ಸೇರಿಸಿದರು. ಜನರಿಂದ ದಿನಕ್ಕೆ ಹಲವು ಬಾರಿ ತಮ್ಮ ನಡವಳಿಕೆಯನ್ನು ಬರೆಯಿಸಿ ನೋಡಿದರೆ, ಒಬ್ಬನಲ್ಲಿಯೇ ಏರಿಳಿತ ಬಹಳ. ಆದರೆ ವಾರವಾರದ ಸರಾಸರಿ ಹೆಚ್ಚು ಕದಲುವುದಿಲ್ಲ. ಅಂದರೆ ಸ್ವಭಾವ ಒಂದು ಚುಕ್ಕೆಯಲ್ಲ, ಒಂದು ಹರವು.

ಹಾಗಾದರೆ "ನನ್ನ ಸ್ವಭಾವವೇ ಹೀಗೆ" ಎಂದು ಕೈತೊಳೆದುಕೊಳ್ಳಬಹುದೆ? ಬದಲಾಗುವುದೆಲ್ಲ ದೋಷವಲ್ಲ, ನಿಜ. ಚನ್ನಪಟ್ಟಣದ ಬೊಂಬೆ ಕೆಲಸಗಾರನ ಕೈಯನ್ನು ನೋಡಿ. ಲೇತಿನ ಮೇಲೆ ತಿರುಗುವ ಆಲೆಮರಕ್ಕೆ ಉಳಿ ಹಿಡಿಯುವಾಗ ಒಂದು ಬಿಗಿ. ತಿಕ್ಕಾಟದ ಶಾಖಕ್ಕೇ ಕರಗಿ ಬಣ್ಣ ಹತ್ತುವಂತೆ ಅರಗಿನ ಕಡ್ಡಿ ಒತ್ತುವಾಗ ಇನ್ನೊಂದು. ಹೊಳಪು ಕೊಡುವಾಗ ಮತ್ತೊಂದು. ಅಲ್ಲಿ ಕೈ ಬದಲಾಗುವುದು ಕೆಲಸದ ಅಗತ್ಯಕ್ಕಾಗಿ. ನನ್ನ ಕೈ ಬದಲಾದದ್ದು ನನ್ನ ಕೋಪಕ್ಕಾಗಿ. ಮತ್ತೊಂದು ಮಾತು: ಆ ರಾತ್ರಿ ಪ್ರಾಂಶುಪಾಲರು ಮನೆಗೆ ಬಂದಿದ್ದರೆ ನಾನು ನಗುನಗುತ್ತಲೇ ಮಾತನಾಡುತ್ತಿದ್ದೆ. ಮೇಲಿನವರ ಮುಂದೆ ಹಿಡಿತಕ್ಕೆ ಸಿಕ್ಕುವ ಕೋಪ ಕೆಳಗಿನವರ ಮುಂದೆ ಸಿಕ್ಕುವುದಿಲ್ಲವೆಂದರೆ, ಅದಕ್ಕೆ ಸ್ವಭಾವವೆಂಬ ಹೆಸರು ಸಲ್ಲದು.

ಹಾಗೆಂದು ಸ್ಥಿತಪ್ರಜ್ಞರಾಗಿರಿ ಎಂದು ಉಪದೇಶಿಸುವುದೂ ವ್ಯರ್ಥ. ಅದು ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಎಟುಕುವ ದಾರಿಯನ್ನು ನಮ್ಮ ಸೀಮೆಯ ರೇಷ್ಮೆಯವರು ಬಲ್ಲರು. ಕನಕಪುರದ ಕಡೆ ಹುಳು ಸಾಕುವ ಮನೆಯಲ್ಲಿ, ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಸ್ತಬ್ಧವಾಗುವುದನ್ನು 'ಜ್ವರ' ಎನ್ನುತ್ತಾರೆ. ಗೂಡು ಕಟ್ಟುವ ಮುನ್ನ ನಾಲ್ಕು ಜ್ವರ. ಆಗ ರೈತ ಹುಳುವನ್ನು ಸೋಮಾರಿ ಎನ್ನುವುದಿಲ್ಲ. ಸೊಪ್ಪು ಹಾಕುವುದನ್ನು ನಿಲ್ಲಿಸಿ, ಜ್ವರ ಎದ್ದಮೇಲೆ ಹಾಕುತ್ತಾನೆ. ನಮ್ಮ ಜ್ವರದ ಹೊತ್ತು ನಮಗೂ ಗೊತ್ತಿದ್ದರೆ, ಆ ಹೊತ್ತಿನಲ್ಲಿ ಇನ್ನೊಬ್ಬರ ಹಣೆಬರಹ ಬರೆಯುವ ಕೆಲಸವನ್ನಾದರೂ ಮುಂದಕ್ಕೆ ಹಾಕಬಹುದು.

ಅದೇ ಗೂಡು ರಾಮನಗರದ ಮಾರುಕಟ್ಟೆಗೆ ಬಂದು, ಹರಾಜಾಗಿ, ನೂಲು ಬಿಚ್ಚುವವರ ಬಿಸಿನೀರಿಗೆ ಬೀಳುತ್ತದೆ. ಒಂದು ಗೂಡಿನ ಎಳೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪವಲ್ಲ, ಒಳಹೋದಂತೆ ಸಣ್ಣದಾಗುತ್ತದೆ. ಆದ್ದರಿಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಸುತ್ತುತ್ತಾರೆ. ಒಂದು ಸೊರಗಿದಾಗ ಹೊಸ ಗೂಡಿನ ಎಳೆಯನ್ನು ಸೇರಿಸುತ್ತಾರೆ. ನೂಲಿನ ಸಮತೆ ಗೂಡಿನ ಗುಣವಲ್ಲ, ನೋಡುತ್ತ ಕುಳಿತ ಕಣ್ಣಿನ ಗುಣ. ನ್ಯಾಯವೂ ಹೀಗೆಯೇ. ಒಬ್ಬನ ಮನಸ್ಸಿನ ಮೇಲೆ ಅದನ್ನು ಬಿಡಬಾರದು; ಎರಡನೆಯ ಕಣ್ಣು, ಎರಡನೆಯ ಓದು, ಮಾರನೆಯ ಬೆಳಗು ಇದ್ದೇ ಇರಬೇಕು. ಈಗ ನಾನು ರಾತ್ರಿ ನೋಡಿದ ಪತ್ರಿಕೆಗಳನ್ನು ಬೆಳಗ್ಗೆ ಇನ್ನೊಮ್ಮೆ ನೋಡದೆ ಅಂಕ ಕೂಡುವುದಿಲ್ಲ.

ಆ ಹುಡುಗನ ಅಂಕವನ್ನು ತಿದ್ದಿದೆ. ಕೆಂಪು ಶಾಯಿಯ ಮಾತನ್ನೂ ಹೊಡೆದುಹಾಕಿದೆ. ಆದರೆ ಒಂದು ವಾರ ಅವನು ಅದನ್ನು ಓದಿಯಾಗಿತ್ತು. ಉಳಿದ ಒಂಬತ್ತು ಮಂದಿಗೂ ಪತ್ರಿಕೆಗಳನ್ನು ಮತ್ತೆ ತರಲು ಹೇಳಿದೆ. ಏಳು ಬಂದವು. ಇಬ್ಬರು ಆಗಲೇ ಹರಿದು ಎಸೆದಿದ್ದರು.