ಕಲಿಯುವ ಕೈಯ ಋಣ

ಕಾಯಕವನ್ನು ಕಲಿಯುವವನ ತಪ್ಪಿಗೆ ಬೆಲೆ ತೆರುವವರಾರು? ನೇಕಾರನು ತಪ್ಪಿದರೆ ನೂಲು ಹಾಳಾದೀತು. ಶಸ್ತ್ರವೈದ್ಯನು ತಪ್ಪಿದರೆ ಪ್ರಾಣವೇ ಹೋದೀತು.

1910ರಲ್ಲಿ ಸ್ವೀಡನ್ನಿನ ವೈದ್ಯ ಯಾಕೋಬೇಯುಸ್ ಎದೆಗೂಡಿನೊಳಗೆ ನಳಿಕೆಯಿಳಿಸಿ ನೋಡುವ ಕ್ರಮವನ್ನು ಪ್ರಕಟಿಸಿದನು. ಇಂದು ಎದೆಯನ್ನು ಅಗಲವಾಗಿ ಸೀಳದೆ, ಪಕ್ಕೆಲುಬುಗಳ ನಡುವಣ ಕಿರುರಂಧ್ರಗಳಿಂದ ಕ್ಯಾಮೆರಾವನ್ನೂ ನೀಳವಾದ ಉಪಕರಣಗಳನ್ನೂ ತೂರಿಸಿ ಶ್ವಾಸಕೋಶದ ಭಾಗವನ್ನೇ ತೆಗೆಯುವರು. ರೋಗಿಗೆ ನೋವು ಕಡಿಮೆ. ವೈದ್ಯನಿಗೆ ಕಷ್ಟ ಹೆಚ್ಚು. ಕೈ ಒಂದೆಡೆ, ಕಣ್ಣು ಪರದೆಯ ಮೇಲೆ, ಬೆರಳಿಗೆ ನೇರ ಸ್ಪರ್ಶವಿಲ್ಲ. ಶ್ವಾಸಕೋಶದ ಅಪಧಮನಿಯ ಗೋಡೆ ಬಹು ತೆಳುವು. ಅದು ಹರಿದರೆ ಆಲೋಚನೆಗೆ ಅವಕಾಶವಿರದು. ಆದುದರಿಂದಲೇ ಕಲಿಯುವವರು ಮೊದಲು ಪೆಟ್ಟಿಗೆಯಲ್ಲಿರಿಸಿದ ಹಂದಿಯ ಶ್ವಾಸಕೋಶದ ಮೇಲೋ, ಗಣಕಯಂತ್ರ ತೋರುವ ಕೃತಕ ದೇಹದ ಮೇಲೋ ಕೈ ಪಳಗಿಸುವುದುಂಟು. ಬೂದುಗುಂಬಳ, ಸೋರೆಗಳ ಮೇಲೆ ಶಿಷ್ಯನಿಗೆ ಛೇದನವನ್ನು ಅಭ್ಯಾಸ ಮಾಡಿಸಬೇಕೆಂದ ಸುಶ್ರುತಸಂಹಿತೆಯ ನಾಡಿಗೆ ಇದೇನು ಹೊಸತಲ್ಲ.

ನೋಯದ ದೇಹದೆದುರು ದಯೆ ಹುಟ್ಟೀತೆ ಎಂದು ಕೇಳುವವರುಂಟು. ಪ್ರಶ್ನೆ ಹಗುರವಲ್ಲ. ಯಂತ್ರದಲ್ಲಿ ರಕ್ತ ಹರಿದರೆ ಗುಂಡಿಯೊತ್ತಿ ಮತ್ತೆ ಮೊದಲಿಡಬಹುದು; ಆ ಸಲುಗೆ ಮನಸ್ಸಿಗಂಟಿದರೆ ಅಪಾಯವೇ ಸರಿ. ಆದರೆ ಏನನ್ನೂ ಅರಿಯದ ರೋಗಿಯ ಒಡಲನ್ನೇ ಪಾಠದ ಹಲಗೆಯಾಗಿಸಿಕೊಂಡು, ಅದನ್ನು ಸೇವೆಯೆಂದು ಕರೆಯುವುದು ಯಾವ ದಯೆ? ಯಾರೂ ನೋಡದ ಕೋಣೆಯಲ್ಲಿ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವವನು ಇನ್ನೂ ಮುಖ ಕಾಣದ ರೋಗಿಗಾಗಿ ದುಡಿಯುತ್ತಾನೆ. ಶರಣರು ಹೇಳಿದ ಕಾಯಕಶುದ್ಧಿಗೆ ಅದು ದೂರವಲ್ಲ.

ಆದರೂ ಒಂದು ದಿನ ಮೊದಲ ಜೀವಂತ ರೋಗಿ ಅವನೆದುರು ಮಲಗಲೇಬೇಕು. ಅಂದು ಗುರು ಪಕ್ಕದಲ್ಲಿ ನಿಂತಿರಬೇಕು. ಇದು ತನಗೆ ಮೊದಲನೆಯದೆಂಬುದನ್ನು ಶಿಷ್ಯನು ರೋಗಿಗೆ ಮರೆಮಾಚದೆ ತಿಳಿಸಿರಬೇಕು.