ಅಳಿಸಿದ ಕಾಗದ

ನಾನು ಶಿಕಾರಿಪುರದ ವಕೀಲ. ಸೊರಬದ ಕೋರ್ಟಿನಲ್ಲಿ ಅಣ್ಣತಮ್ಮಂದಿರ ಅಡಿಕೆ ತೋಟದ ದಾವೆಯೊಂದು ನನ್ನ ಪಾಲಿಗೆ ಬಂದಿತ್ತು. ನಾನು ತಮ್ಮನ ಕಡೆ. ತಂದೆ ಬದುಕಿದ್ದಾಗಲೇ ಆದದ್ದೆಂದು ಅಣ್ಣ ಹಾಜರುಪಡಿಸಿದ ಪಾಲುಪಟ್ಟಿ, ತಂದೆ ತೀರಿಕೊಂಡ ಮೇಲೆ ಅಣ್ಣನ ಮನೆಯ ಕಂಪ್ಯೂಟರಿನಲ್ಲಿ ಹುಟ್ಟಿದ್ದು ಎಂಬುದು ನಮ್ಮ ವಾದ. ಕೋರ್ಟು ಯಂತ್ರವನ್ನು ಪರೀಕ್ಷೆಗೆ ಕಳಿಸಿತು.

ಅಳಿಸಿದ್ದೆಲ್ಲ ಅಳಿದುಹೋಗುವುದಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ಗದ್ದೆ ಎಲ್ಲಿಗೆ ಹೋಗುತ್ತದೆ? ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸುವುದೆಂದರೂ ಅಷ್ಟೆ, ಪಟ್ಟಿಯಿಂದ ಹೆಸರು ತೆಗೆಯುವುದು. ಆ ಜಾಗದ ಮೇಲೆ ಹೊಸದನ್ನು ಬರೆಯುವವರೆಗೆ ಹಳೆಯದು ಅಲ್ಲೇ ಬಿದ್ದಿರುತ್ತದೆ. ಪರಿಣತರು ಮೂಲವನ್ನು ಕೆದಕುವುದಿಲ್ಲ. ಅದರ ಮೇಲೆ ಒಂದಕ್ಷರವೂ ಬರೆಯಲು ಬಿಡದ ಸಾಧನವನ್ನು ನಡುವೆ ಇಟ್ಟು ಪೂರ್ತಿ ಪ್ರತಿ ತೆಗೆದು, ಹ್ಯಾಶ್ ಎಂಬ ಉದ್ದನೆಯ ಸಂಖ್ಯೆಯನ್ನು ಲೆಕ್ಕಹಾಕುತ್ತಾರೆ. ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಈ ಸಂಖ್ಯೆಯನ್ನು ಪ್ರಮಾಣಪತ್ರದಲ್ಲೇ ಕೇಳುತ್ತದೆ.

ಪ್ರತಿ ತೆಗೆದು ಓದುವುದು ನಮ್ಮ ಸೀಮೆಗೆ ಹೊಸದಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಶಾಸನ ಓದಿದವರ ನಾಡು ಇದು. ಬಿ. ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚುಹಾಕಿಸಿದರು. ಆದರೆ ತಾಳಗುಂದದ ಕಂಬ ಕೆತ್ತಿಸಿದವರಿಗೆ ನಾಲ್ಕು ಜನ ಓದಲಿ ಎಂಬ ಆಸೆಯಿತ್ತು.

ಪಾಲುಪಟ್ಟಿ ಸಿಕ್ಕಿತು, ತಾರೀಖೂ ನಾವೆಂದಂತೆಯೇ ಇತ್ತು. (ಕಂಪ್ಯೂಟರಿನ ಗಡಿಯಾರವೇ ತಪ್ಪಿದ್ದರೆ ತಾರೀಖೂ ತಪ್ಪು; ಅದು ಬೇರೆ ಜಗಳ.) ವರದಿಯ ಜೊತೆ ಬಂದ ಪೆನ್‌ಡ್ರೈವಿನಲ್ಲಿ ಇನ್ನೊಂದೂ ಇತ್ತು. ಅಣ್ಣನ ಮಗಳು ಅಪ್ಪನಿಗೆಂದು ಬರೆದು, ಕೊಡದೆ ಅಳಿಸಿದ ಕಾಗದ. ಎರಡನೇ ಸಾಲಿಗೇ ಇದು ನನಗೆ ಸಂಬಂಧಪಟ್ಟದ್ದಲ್ಲ ಎಂದು ತಿಳಿಯಿತು. ಆದರೂ ಕೊನೆಯವರೆಗೆ ಓದಿದೆ.

ಪಾಟೀಸವಾಲಿನಲ್ಲಿ ಅದರದೊಂದು ಸಾಲು ಎತ್ತಿದ್ದರೆ ಅಣ್ಣ ಕಟಕಟೆಯಲ್ಲೇ ಕುಸಿಯುತ್ತಿದ್ದ. ಎತ್ತಲಿಲ್ಲ. ಇದನ್ನು ದೊಡ್ಡತನ ಎಂದುಕೊಳ್ಳಲೂ ಆಗುತ್ತಿಲ್ಲ. ತಾರೀಖು ಕೈಕೊಟ್ಟು ದಾವೆ ಸೋಲುವಂತಿದ್ದರೆ ಏನು ಮಾಡುತ್ತಿದ್ದೆನೋ. ಕಕ್ಷಿದಾರ ಫೀಸು ಕೊಟ್ಟದ್ದು ಅಣ್ಣನ ಮಗಳ ಗುಟ್ಟು ಕಾಯಲಿಕ್ಕಲ್ಲ. ಆದರೆ ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಬಿಟ್ಟವನಿಗೆ ಯಾರದೋ ಬಳೆ ಸಿಕ್ಕರೆ ಅದೂ ಅವನದಾಗುತ್ತದೆಯೆ?

"ಮತ್ತೇನೂ ಸಿಗ್ಲಿಲ್ವಾ ವಕೀಲ್ರೇ?" ಎಂದು ತಮ್ಮ ಕೇಳಿದ್ದ. ಇಲ್ಲ ಎಂದಿದ್ದೆ.

ಮುಂದಿನ ವಾಯಿದೆಗೆ ಹುಡುಗಿಯೂ ಅಪ್ಪನ ಜೊತೆ ಬಂದಿದ್ದಳು. ಎದುರು ಪಕ್ಷದ ವಕೀಲನೆಂಬ ಮುನಿಸಿಲ್ಲದೆ, "ನಮಸ್ಕಾರ ಸರ್" ಎಂದಳು. ನಾನು ಫೈಲಿನ ದಾರ ಕಟ್ಟುತ್ತಾ ತಲೆ ಆಡಿಸಿದೆ.