ನೋಡುವ ಹಕ್ಕಿ

ಕಾರ್ಯಮುಖದಿಂದ ಕಲಿಯತಕ್ಕ ವಿದ್ಯಾರ್ಥಿಯು ತನ್ನ ಪ್ರಗತಿಯನ್ನು ತಾನೇ ಅಳೆದುಕೊಳ್ಳಬೇಕೆಂಬ ಮತವು ಹೊಸತಲ್ಲ. 1937ರ ವರ್ಧಾ ಪರಿಷತ್ತಿನ ತರುವಾಯ ತಕಲಿಯೇ ಪಾಠವಾದಾಗ, ಬಾಲಕನು ತಾನು ನೂತ ನೂಲನ್ನು ತಾನೇ ಅಳೆದು ಬರೆದಿಡುತ್ತಿದ್ದನು. ಇಂದು ಆ ದಿನಚರಿಯು ಮೊಬೈಲ್ ಯಂತ್ರವನ್ನು ಸೇರಿದೆ.

ಕುಮಟೆಯ ಅಘನಾಶಿನಿಯಲ್ಲಾಗಲಿ, ಹೊನ್ನಾವರದ ಶರಾವತಿಯಲ್ಲಾಗಲಿ, ಅಳಿವೆಯ ಕೆಸರಿನಲ್ಲಿ ಹತ್ತು ಕಾಂಡ್ಲಾ ಸಸಿಗಳನ್ನು ನೆಟ್ಟ ವಿದ್ಯಾರ್ಥಿಯು ವಾರವಾರವೂ ಅವುಗಳ ಲೆಕ್ಕವನ್ನು ಅದರಲ್ಲಿ ನಮೂದಿಸುವನೆನ್ನೋಣ. ಉಬ್ಬರವು ನಾಲ್ಕನ್ನು ಒಯ್ದ ದಿನ ಅವನೇನು ಬರೆಯುವನು? ಯಂತ್ರವು ಕೊಟ್ಟ ಅಂಕೆಯನ್ನು ಮಾತ್ರ ಬಲ್ಲದು. ಹತ್ತೆಂದರೆ ಅದಕ್ಕೆ ಹತ್ತೇ. ಮುಂಡಕೋಪನಿಷತ್ತಿನ ಎರಡು ಹಕ್ಕಿಗಳಲ್ಲಿ ಒಂದು ಹಣ್ಣನ್ನುಣ್ಣುವುದು, ಇನ್ನೊಂದು ನೋಡುತ್ತಿರುವುದು. ಆ ನೋಡುವ ಹಕ್ಕಿಯು ಯಂತ್ರದೊಳಗಿಲ್ಲ, ಬಾಲಕನೊಳಗಿದೆ. ಆರೆಂದು ಬರೆದವನನ್ನು ಗದರಿಸುವ ಗುರುವು ಅದನ್ನು ಬೆದರಿಸಿ ಹಾರಿಸಿಬಿಡುವನು. ನಾಲ್ಕು ಏಕೆ ಹೋದವೆಂದು ಕೇಳುವ ಗುರುವಿನ ಬಳಿಯಲ್ಲಿಯೇ ವಿದ್ಯೆಯು ಮೊದಲಾಗುವುದು.